ಸಾಲಿನ ಅಂತರವನ್ನು ನುಂಗುವ ಫೋಟೊ (ಕೊರೊನಾ ಕಾಲದ ಪ್ರಶ್ನೋತ್ತರ)

ಪ್ರಶ್ನೆ: ಸೋಂಕಿನ ಭಯದಿಂದ ದೂರ ನಿಂತು, 200 ಎಂಎಂ ಲೆನ್ಸ್‌ನಲ್ಲಿ ವಿರಾಜಪೇಟೆಯ ದಿನಸಿ ಅಂಗಡಿಯೊಂದರ ಮುಂದಿನ ಸಾಲನ್ನು ತೆಗೆದೆ. ಎಲ್ಲರೂ ಅಂತರ ಕಾಯಲು ಹಾಕಿದ ಸುಣ್ಣದ ಗುರುತಿನೊಳಗೇ ಇದ್ದರೂ ಚಿತ್ರದಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡಂತಿದ್ದಾರೆ. ಲೆನ್ಸ್ ದೋಷವೇ?

ಉತ್ತರ: ಅಲ್ಲ. 200 ಎಂಎಂನಂಥ ಟೆಲಿ (ದೂರದ್ದನ್ನು ಹಿಗ್ಗಿಸಿ ತೋರುವ) ಲೆನ್ಸ್ ಅಂತರವನ್ನು ಕುಗ್ಗಿಸುತ್ತದೆ ಎಂದು ಯೂಟ್ಯೂಬ್ ಪಂಡಿತರು ಎಷ್ಟು ಸಲ ಹೇಳಿದರೂ ಅದು ತಪ್ಪು. ಕುಗ್ಗಿಸುವುದು ನೀವು ನಿಂತ ಜಾಗ. ಎರಡೆರಡು ಮೀಟರ್ ಬಿಟ್ಟು ಐವರು ನಿಂತಿದ್ದಾರೆ ಎನ್ನಿ. ಸಾಲಿನ ನೇರಕ್ಕೆ, ಮೊದಲಿನವರಿಂದ 3 ಮೀಟರ್ ದೂರದಲ್ಲಿ ನಿಂತರೆ ಕೊನೆಯವರು ಮೊದಲಿನವರ ಗಾತ್ರದ ನಾಲ್ಕನೇ ಒಂದು ಪಾಲಿಗಿಂತ ತುಸು ದೊಡ್ಡದಾಗಿ ಮೂಡುತ್ತಾರೆ. 30 ಮೀಟರ್ ಹಿಂದಕ್ಕೆ ಹೋದರೆ ಐದರಲ್ಲಿ ನಾಲ್ಕು ಪಾಲಿನಷ್ಟು ಕಾಣುತ್ತಾರೆ. ಗಾತ್ರದಲ್ಲಿ ವ್ಯತ್ಯಾಸ ಕಾಣದಾಗ ಕಣ್ಣು ಅವರನ್ನು ಒತ್ತಟ್ಟಿಗೆ ನಿಂತವರೆಂದೇ ಎಣಿಸುತ್ತದೆ. ಅದೇ ಜಾಗದಿಂದ ಅಗಲ ನೋಟದ 35 ಎಂಎಂನಲ್ಲಿ ತೆಗೆದು ನಡುಭಾಗವನ್ನಷ್ಟೇ ಉಳಿಸಿಕೊಂಡರೂ ಇದೇ ಇಕ್ಕಟ್ಟು ಕಾಣುತ್ತದೆ.

ರಸ್ತೆಯ ಎದುರುಬದಿಗೆ ಹೋಗಿ ಸಾಲಿಗೆ ಅಡ್ಡವಾಗಿ ನಿಲ್ಲಿ, ಅಂತರ ಇದ್ದಷ್ಟೇ ಕಾಣುತ್ತದೆ. ಒಬ್ಬರನ್ನೇ ತೆಗೆಯುವುದಾದರೆ, ಚಿತ್ರ ಮೂಡುವ ಸೆನ್ಸರ್ ದೊಡ್ಡದಿರುವ ಫುಲ್‌ಫ್ರೇಮ್ ಕ್ಯಾಮೆರಾವನ್ನು ಲಂಬವಾಗಿ ಹಿಡಿದಾಗ 35 ಎಂಎಂ ಲೆನ್ಸ್‌ನಲ್ಲಿ 2 ಮೀಟರ್ ದೂರದಿಂದಲೇ ಆಳೆತ್ತರದ ಚಿತ್ರ ಹಿಡಿಸುತ್ತದೆ. ಅತಿ ಎಚ್ಚರವೆನಿಸಿದರೂ ಸರಿಯೇ, ನಾನಂತೂ 3 ಮೀಟರಿಗಿಂತ ಹತ್ತಿರ ಹೋಗುವುದಿಲ್ಲ.

ನನಗೆ ಸಿಟ್ಟು ಬರುವುದು ಇಂಥ ಚಿತ್ರಗಳ ಅಡಿಬರಹಕ್ಕೆ. ತೋಟದ ಕಾರ್ಮಿಕರ ಲೈನ್‌ಮನೆಯಿಂದ ನಡೆದು ಬಂದು, ಚೀಲ ಹಿಡಿದು, ಗುರುತು ದಾಟದೆ ಗಂಟೆಗಟ್ಟಲೆ ನಿಂತವರ ಚಿತ್ರವನ್ನು ‘ಜನರಿಗೆ ಬುದ್ಧಿ ಬಂದಿಲ್ಲ’ ಎಂದು ಬರೆದು ವಾಟ್ಸ್‌ಆ್ಯಪ್‌ನಲ್ಲಿ ಹಂಚುವುದು ಅವರ ಮೇಲೆ ಸುಳ್ಳು ಅಪವಾದ ಹೊರಿಸಿದಂತೆ. ನಿಮ್ಮ ಚಿತ್ರವನ್ನು ಯಾರಿಗಾದರೂ ಕಳಿಸಿದ್ದರೆ ಇಂದೇ ಅಳಿಸಿ.

ಪ್ರಶ್ನೆ: ಮಾಸ್ಕ್ ಹಾಕಿದವರ ಗುರುತು ಹೇಗೂ ಸಿಗುವುದಿಲ್ಲ, ಒಪ್ಪಿಗೆ ಕೇಳಬೇಕೇ?

ಉತ್ತರ: ಕೇಳಬೇಕು, ಮಡಿಕೇರಿಯಂಥ ಊರಿನಲ್ಲಿ ನಡಿಗೆಯನ್ನೋ ಕೊಡೆಯನ್ನೋ ನೋಡಿಯೇ ಆಳು ಯಾರೆಂದು ಹೇಳಿಬಿಡುತ್ತಾರೆ.

ಪ್ರಶ್ನೆ: ಕೈಗೆ ಕ್ವಾರಂಟೈನ್ (ಪ್ರತ್ಯೇಕವಾಸದ) ಮುದ್ರೆ ಒತ್ತಿಸಿಕೊಂಡವರು ಬಸ್ ನಿಲ್ದಾಣದಲ್ಲಿ ಕಂಡರೆ ಚಿತ್ರ ತೆಗೆದು ಹಾಕಬಹುದೇ?

ಉತ್ತರ: ಬೇಡ. ಆತಂಕವಿದ್ದರೆ ಆರೋಗ್ಯ ಇಲಾಖೆಗೆ ತಿಳಿಸಿ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲೇ ಹೇಳಿದೆ. ಸೋಂಕು ಶಂಕಿತರನ್ನು ಊರಿನ ಮುಂದೆ ನಿಲ್ಲಿಸುವ ಅಧಿಕಾರವನ್ನು ಕ್ಯಾಮೆರಾ ಕೊಡುವುದಿಲ್ಲ.

ಪ್ರಶ್ನೆ: ಲೆನ್ಸ್‌ಗೆ ಸ್ಯಾನಿಟೈಸರ್ ಹಚ್ಚಬಹುದೇ? ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಒಳ್ಳೆಯದೇ?

ಉತ್ತರ: ಜೆಲ್ ಗಾಜಿನ ಮೇಲೆ ಪೊರೆ ಬಿಡುತ್ತದೆ, ಹಚ್ಚಬೇಡಿ. ಎರಡು ಸಲ ಆಡಿಸಿದರೆ ವೈರಸ್ ಸತ್ತೇ ಹೋಯಿತೆಂದು ಟಾರ್ಚ್ ಮಾರುವವರನ್ನು ನಂಬಬೇಡಿ. ಮನೆಗೆ ಬಂದೊಡನೆ ಸೋಪು ಹಚ್ಚಿ ಕೈ ತೊಳೆಯಿರಿ.