ಓದುಗರ ಪ್ರಶ್ನೆ: ಹಳೇ ಷೆವಿ ಪಿಕಪ್ಪಿಗೆ ಬೇರೆ ಎಂಜಿನ್ನು, ಬೇರೆ ಗೇರ್‌ಬಾಕ್ಸು

ಪ್ರಶ್ನೆ: ನಾನು ತುಮಕೂರು ಕಡೆಯೋನು, ಈಗ ಟೆಕ್ಸಾಸಲ್ಲಿ ಡಲ್ಲಾಸ್ ಹತ್ರ ಇದೀನಿ. 1968ರ ಷೆವರ್ಲೆ ಸಿ10 ಪಿಕಪ್ ತಗೊಂಡಿದೀನಿ. ಬಾಡಿ ಗಟ್ಟಿ ಇದೆ, ಆದ್ರೆ 250 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್ ಎಂಜಿನ್ನು ಹೊಗೆ ಬಿಡತ್ತೆ, ಗೇರು ಸ್ಟೇರಿಂಗ್ ಪಕ್ಕದ ಮೂರು ಸ್ಪೀಡಿಂದು, ಹೈವೇಲಿ ಕಿರುಚತ್ತೆ. ಒಂದು ಕಡೆ ಎಲ್‌ಎಸ್ 5.3 (ಷೆವಿಯದೇ ಹೊಸ ಕಾಲದ 5.3 ಲೀಟರ್ ವಿ8) ಎಂಜಿನ್ ಮಾತ್ರ ಸಿಗ್ತಿದೆ, ಇನ್ನೊಂದು ಕಡೆ ಹಳೇ ಟಿಎಚ್350 ಆಟೋಮ್ಯಾಟಿಕ್ ಬಾಕ್ಸು ಅಗ್ಗಕ್ಕೆ ಕೊಡ್ತೀನಿ ಅಂತಿದಾರೆ. ಎರಡನ್ನೂ ತಗೊಂಡು ಜೋಡಿಸಬಹುದಾ?

ಉತ್ತರ: ಜೋಡಿಸೋಕಾಗತ್ತೆ, ಆದ್ರೆ ಹಾಗೆ ಮಾಡಬೇಡಿ ಅಂತ ಕೈಮುಗಿದು ಹೇಳ್ತೀನಿ. 1999ರಿಂದ 2007ರ ಒಳಗಿನ ಸಿಲ್ವೆರಾಡೊ, ಟಾಹೊ, ಸಬರ್ಬನ್ ಯಾವುದಾದ್ರೂ ಒಂದೇ ಗಾಡಿಯಿಂದ 5.3 ಎಂಜಿನ್ನು, ಅದರದೇ 4ಎಲ್60ಇ ಅನ್ನೋ ನಾಲ್ಕು ಗೇರಿನ ಆಟೋಮ್ಯಾಟಿಕ್ ಬಾಕ್ಸು, ವೈರಿಂಗು, ಕಂಪ್ಯೂಟರು, ಆಕ್ಸಲರೇಟರ್ ಪೆಡಲ್ಲು ಎಲ್ಲಾನೂ ಒಟ್ಟಿಗೇ ಎತ್ತಿಸ್ಕೊಳಿ. ಬಿಡಿಬಿಡಿಯಾಗಿ ಕೊಂಡಾಗ ಮೊದಲು ಉಳಿದ ದುಡ್ಡು ಆಮೇಲೆ ಸೆನ್ಸರು, ಕನೆಕ್ಟರು, ಅಡಾಪ್ಟರ್ ಅಂತ ಸೋರಿ ಹೋಗತ್ತೆ. ಎಲ್‌ಎಸ್‌ನ ಕ್ರ್ಯಾಂಕ್ (ಎಂಜಿನ್ನಿನೊಳಗೆ ತಿರುಗೋ ಮುಖ್ಯ ಶಾಫ್ಟು) ತುದಿ ಹಳೇ ಷೆವಿ ವಿ8ಗಿಂತ 0.4 ಇಂಚು ಒಳಗಿರತ್ತೆ, ಟಿಎಚ್350 ಕೂರಿಸ್ಬೇಕು ಅಂದ್ರೆ ಅಲ್ಲೇ ಸಂದಿ ತುಂಬೋ ಸ್ಪೇಸರ್ ಬೇಕು. ಅದಕ್ಕಿಂತ ದೊಡ್ಡ ವಿಷ್ಯ, ಟಿಎಚ್350ಗೆ ಓವರ್‌ಡ್ರೈವೇ (ಹೈವೇಲಿ ಎಂಜಿನ್ನು ನಿಧಾನಕ್ಕೆ ತಿರುಗೋ ಹಾಗೆ ಮಾಡೋ ಗೇರು) ಇಲ್ಲ.

ಲೆಕ್ಕ ಹಾಕಿ ನೋಡಿ. ನಿಮ್ಮ ಹಿಂದಿನ ಆಕ್ಸಲ್ ಅನುಪಾತ 3.73 (ಚಕ್ರದ ಒಂದು ಸುತ್ತಿಗೆ ಡ್ರೈವ್‌ಶಾಫ್ಟು 3.73 ಸುತ್ತು) ಅಂತ ಇಟ್ಕೊಳಿ, ಟೈರು 28 ಇಂಚು, ವೇಗ ಗಂಟೆಗೆ 65 ಮೈಲಿ. ಟಿಎಚ್350ರ ಮೂರನೇ ಗೇರಲ್ಲಿ ಎಂಜಿನ್ನು ಸುಮಾರು 2900 ಆರ್‌ಪಿಎಂ ತಿರುಗತ್ತೆ, ಅಂದ್ರೆ ಈಗ ಕಿರುಚೋ ಅಷ್ಟೇ ಮುಂದೇನೂ ಕಿರುಚತ್ತೆ. 4ಎಲ್60ಇ ನಾಲ್ಕನೇ ಗೇರು 0.70, ಅದೇ ವೇಗಕ್ಕೆ 2050ರ ಆಸುಪಾಸು ಸಾಕು. ಮೊದಲನೇ ಗೇರು 3.06, ಆದ್ದರಿಂದ ಸಿಗ್ನಲ್ಲಲ್ಲಿ ಎಳೆಯೋಕೂ ಚೆನ್ನ. ನೀವು ಗೇರ್‌ಬಾಕ್ಸ್ ಬದಲಾಯಿಸ್ತಿರೋದೇ ಹೈವೇ ಕಿರುಚಾಟ ತಪ್ಸೋಕೆ ಅಲ್ವಾ, ಹಾಗಾಗಿ ಅಗ್ಗದ ಬಾಕ್ಸಿನ ಆಸೆ ಬಿಟ್ಬಿಡಿ. ಒಂದು ಮಾತ್ರ ನೆನಪಿರಲಿ, 4ಎಲ್60ಇ ಗೇರು ಬದಲಾಯಿಸೋದು ಕಂಪ್ಯೂಟರ್ ಹೇಳಿದಂಗೆ, ಕಂಪ್ಯೂಟರ್ ಇಲ್ದೆ ಅದು ಸರಿಯಾಗಿ ಓಡಲ್ಲ.

ಈಗ ಕೂರಿಸೋ ವಿಷ್ಯ. ಆರು ಸಿಲಿಂಡರಿನ ಮೌಂಟು (ಎಂಜಿನ್ನನ್ನ ಚಾಸಿಗೆ ಹಿಡಿದಿಡೋ ತುಂಡು) ವಿ8ಗೆ ಆಗಲ್ಲ, ಸಿ10ಗೆ ಅಂತಾನೇ ಮಾಡಿದ ಎಲ್‌ಎಸ್ ಮೌಂಟು ತಗೊಳಿ. ಟ್ರಕ್ಕಿನ ಆಯಿಲ್ ಪ್ಯಾನು ತುಂಬಾ ಕೆಳಗೆ ಜೋತಾಡತ್ತೆ, ಗಾಡಿ ತಗ್ಗಿಸಿದ್ರೆ ರೋಡ್ ಹಂಪ್‌ಗೆ ಮೊದಲು ತಗಲೋದೇ ಅದು, ಎಂಜಿನ್ ಬದಲಾಯಿಸೋರಿಗೆ ಅಂತಾನೇ ಸಿಗೋ ಸ್ವಾಪ್ ಪ್ಯಾನು ಹಾಕ್ಸಿ. ಬಾಕ್ಸನ್ನ ಎಂಜಿನ್ನಿಗೆ ಸೇರಿಸೋ ಹೊತ್ತಲ್ಲಿ ಅವಸರ ಬೇಡವೇ ಬೇಡ. ಟಾರ್ಕ್ ಕನ್ವರ್ಟರನ್ನ (ಎಂಜಿನ್ ಶಕ್ತೀನ ಆಟೋಮ್ಯಾಟಿಕ್ ಬಾಕ್ಸಿಗೆ ದಾಟಿಸೋ ದುಂಡನೆ ಭಾಗ) ಕೈಯಲ್ಲಿ ತಿರುಗಿಸ್ತಾ ಒಳಕ್ಕೆ ತಳ್ಳಿ, ಟಕ್ ಅಂತ ಹಂತ ಹಂತವಾಗಿ ಇಳಿಯೋದು ಕೈಗೇ ಗೊತ್ತಾಗತ್ತೆ, ಕೊನೇದು ಪಂಪಿನ ಗೇರಿಗೆ ಕೂರೋದು. ಬಾಕ್ಸಿನ ಮುಂದಿನ ಗಂಟೆಯಾಕಾರದ ಭಾಗ, ಅಂದ್ರೆ ಬೆಲ್‌ಹೌಸಿಂಗ್, ಎಂಜಿನ್ನಿಗೆ ಪೂರ್ತಿ ಒತ್ಕೊಂಡ ಮೇಲೂ ಕನ್ವರ್ಟರ್ ಸಲೀಸಾಗಿ ತಿರುಗಬೇಕು, ಕ್ರ್ಯಾಂಕಿಗೆ ಬಿಗಿದಿರೋ ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ಮಧ್ಯೆ ಇಂಚಿನ ಎಂಟನೇ ಒಂದು ಭಾಗದಷ್ಟಾದ್ರೂ ಸಂದಿ ಇರಬೇಕು. ಸಂದಿ ಇಲ್ಲ ಅಂದ್ರೆ ಬಿಚ್ಚಿ ಮತ್ತೆ ಕೂರಿಸಿ. ಬೋಲ್ಟು ಬಿಗಿದು ಎಳ್ಕೊಂಡ್ರಾಯ್ತು ಅನ್ನೋರ ಮಾತು ಕೇಳಬೇಡಿ, ಪಂಪು ಒಡೆಯೋದು ಹೀಗೇ.

ಬಾಕ್ಸನ್ನ ಹೊರೋ ಅಡ್ಡಪಟ್ಟಿ, ಅಂದ್ರೆ ಕ್ರಾಸ್‌ಮೆಂಬರ್, ಹಿಂದಕ್ಕೆ ಹೋಗ್ಬೇಕಾಗತ್ತೆ, ಡ್ರೈವ್‌ಶಾಫ್ಟು ಅಳತೆಗೆ ಹೊಸದಾಗಿ ಮಾಡಿಸ್ಬೇಕು. ಅಳತೆ ಮಾತ್ರ ಗಾಡಿ ನಾಲ್ಕು ಚಕ್ರದ ಮೇಲೆ ನಿಂತಿದ್ದಾಗಲೇ ತಗೊಳಿ, ಜ್ಯಾಕ್ ಮೇಲೆ ಎತ್ತಿ ಅಳೆದ ಶಾಫ್ಟು ನೆಲಕ್ಕಿಳಿದ ಮೇಲೆ ಹೊಂದಲ್ಲ. ಎಂಜಿನ್ನು ಹಿಂದಕ್ಕೆ ಸುಮಾರು 3 ಡಿಗ್ರಿ ವಾಲಿದ್ರೆ ಹಿಂದಿನ ಪಿನಿಯನ್ನೂ (ಡ್ರೈವ್‌ಶಾಫ್ಟು ಆಕ್ಸಲ್ಲಿಗೆ ಸೇರೋ ಗೇರು) ಅದಕ್ಕೆ ಸಮಾನಾಂತರವಾಗಿ ಮುಂದಕ್ಕೆ ಎದ್ದಿರಬೇಕು, ಇಲ್ಲಾಂದ್ರೆ ಹೈವೇಲಿ ಸೀಟು ಗುಂಯ್ ಅನ್ನತ್ತೆ.

ಪೆಟ್ರೋಲ್ ಕಡೆ ಬನ್ನಿ. ಹಳೇ ಮೆಕ್ಯಾನಿಕಲ್ ಪಂಪಿನ ಒತ್ತಡ ಏಳು ಪಿಎಸ್‌ಐ ದಾಟಲ್ಲ, 5.3ಗೆ 58 ಬೇಕು. ನಿಮ್ಮ ಗಾಡೀಲಿ ಟ್ಯಾಂಕು ಕ್ಯಾಬಿನ್ ಒಳಗೆ ಸೀಟಿನ ಹಿಂದೇನೇ ಇದೆ, ಅಷ್ಟು ಒತ್ತಡದ ಲೈನನ್ನ ಬೆನ್ನಿನ ಹಿಂದೆ ಇಟ್ಕೊಂಡು ಓಡಿಸೋದು ನನಗಂತೂ ಸರಿ ಅನ್ಸಲ್ಲ, ಚಾಸಿ ಕೆಳಗೆ ಹಿಂಭಾಗದಲ್ಲಿ ಕೂರೋ ಟ್ಯಾಂಕು, ಒಳಗೇ ಪಂಪು ಇರೋದು ಹಾಕ್ಸಿ. ಕಂಪ್ಯೂಟರಲ್ಲಿ ಕಳ್ಳತನ ತಡೆಯೋ ಲಾಕನ್ನ ತೆಗೆಸದೆ ಹೋದ್ರೆ ಸ್ಟಾರ್ಟ್ ಆಗಿ ತಕ್ಷಣ ನಿಂತು ಹೋಗತ್ತೆ, ಎಂಜಿನ್ ಕೆಟ್ಟಿದೆ ಅಂತ ಗಾಬರಿ ಬೀಳಬೇಡಿ. ಎಂಜಿನ್ನಿನ ಸಿಲಿಂಡರ್ ಹೆಡ್ಡಿನಿಂದ ಬರೋ ಸಣ್ಣ ಸ್ಟೀಮ್ ಪೈಪನ್ನ ರೇಡಿಯೇಟರಿಗೆ ಸೇರಿಸಿ, ಮುಚ್ಚಿ ಬಿಡಬೇಡಿ.

ನೀವು ಕೇಳದೇ ಇದ್ರೂ ಹೇಳ್ತೀನಿ, ಎಲ್ಲಕ್ಕಿಂತ ಮೊದಲು ಬ್ರೇಕು. ಸಿ10ಗೆ ಮುಂದೆ ಡಿಸ್ಕ್ ಬಂದಿದ್ದು 1971ರಲ್ಲಿ, ನಿಮ್ಮದರಲ್ಲಿ ನಾಲ್ಕೂ ಡ್ರಮ್ಮು. ಹಳೇ ಎಂಜಿನ್ನಿನ ಶಕ್ತಿ ಕಾಗದದ ಮೇಲೆ 155 ಎಚ್‌ಪಿ, 5.3ದು 270ಕ್ಕೆ ಕಮ್ಮಿ ಇಲ್ಲ. ಡಿಸ್ಕ್ ಹಾಕ್ಸೋ ತನಕ ಎಂಜಿನ್ನಿಗೆ ದುಡ್ಡು ಬಿಚ್ಚಬೇಡಿ.

ಪ್ರಶ್ನೆ: ಸಕಲೇಶಪುರದ ತೋಟದಲ್ಲಿ ತಾತನ ಕಾಲದ ಪೆಟ್ರೋಲ್ ಮಹೀಂದ್ರ ಜೀಪಿದೆ, ಹಿಂದೆ ಮೂಟೆ ಹಾಕೋಕೆ ತೊಟ್ಟಿ ಮಾಡ್ಸಿದೀವಿ. ಡೀಸೆಲ್ ಎಂಜಿನ್ ಹಾಕ್ಸಿದ್ರೆ ಹೇಗೆ?

ಉತ್ತರ: ಘಾಟಿಗೆ, ಲೋಡಿಗೆ ಒಳ್ಳೇದೇ. ಆದ್ರೆ ಆ ಮಾದರಿಯ ಆಕ್ಸಲ್ ಸಾಮಾನ್ಯವಾಗಿ 5.38 ಅನುಪಾತದ್ದು, ಡೀಸೆಲ್ಲು ಅಷ್ಟು ಜೋರಾಗಿ ತಿರುಗೋ ಎಂಜಿನ್ನಲ್ಲ, ಮೇನ್ ರೋಡಲ್ಲಿ ಬೇಗ ಉಸಿರು ಕಟ್ಟತ್ತೆ. ಎಂಜಿನ್ ಜೊತೆ ಅದರದೇ ಗೇರ್‌ಬಾಕ್ಸು ತಗೊಳಿ, ಆಗೋದಾದ್ರೆ ಆಕ್ಸಲ್ಲೂ ಬದಲಾಯಿಸಿ. ಡೀಸೆಲ್ ಭಾರ ಜಾಸ್ತಿ, ಮುಂದಿನ ಸ್ಪ್ರಿಂಗ್ ಪಟ್ಟಿಗೆ ಒಂದು ಎಲೆ ಸೇರಿಸ್ಬೇಕಾಗಬಹುದು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಾಯಿಸೋಕೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಹೊಸ ನಂಬರು, ಇಂಧನ ಎರಡೂ ಏರಬೇಕು. ಎಂಜಿನ್ ಕೊಳ್ಳೋಕೆ ಮುಂಚೇನೇ ಆರ್‌ಟಿಒದಲ್ಲಿ ವಿಚಾರಿಸಿ, ಮಾರೋರ ಹತ್ರ ನಂಬರ್ ಇರೋ ಬಿಲ್ ಇಲ್ಲ ಅಂದ್ರೆ ಆ ಎಂಜಿನ್ ಬೇಡ.