ಸಂಸಾರ ಸಮೇತ ಸ್ಟುಟ್‌ಗಾರ್ಟಿಗೆ ಹೊರಟವರಿಗೆ

ನಿಮ್ಮ ಪ್ರಶ್ನೆಗಳನ್ನೆಲ್ಲ ಓದಿದೆ. ಬೆಂಗಳೂರಿನ ಕೆಲಸ ಬಿಟ್ಟು ಜರ್ಮನಿಯ ಸ್ಟುಟ್‌ಗಾರ್ಟಿನ ವಾಹನೋದ್ಯಮದ ಕಂಪನಿಯೊಂದಕ್ಕೆ ಬರುವವರಿದ್ದೀರಿ. ಜೊತೆಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಹೆಂಡತಿ, ಎಂಟು ವರ್ಷದ ಮಗಳು, ಮೂರು ವರ್ಷದ ಮಗ. ಸಂಬಳ ಸಾಲುತ್ತದೆಯೇ, ಮನೆ ಸಿಗುತ್ತದೆಯೇ, ಮಕ್ಕಳು ಕನ್ನಡ ಮರೆತಾರೇ, ಅಪ್ಪ ಅಮ್ಮನನ್ನು ಕರೆಸಿಕೊಳ್ಳಬಹುದೇ ಎಂದು ವಿವರವಾಗಿ ಕೇಳಿದ್ದೀರಿ. ಹೆಂಡತಿಯ ಬಗ್ಗೆ ಮಾತ್ರ "ಅವಳು ಹೇಗೋ ಹೊಂದಿಕೊಳ್ಳುತ್ತಾಳೆ" ಎಂದು ಒಂದೇ ಸಾಲು ಬರೆದು ಮುಗಿಸಿದ್ದೀರಿ. ನಾನೂ ಗಂಡನ ಕೆಲಸದ ಬೆನ್ನು ಹತ್ತಿ ಇಲ್ಲಿಗೆ ಬಂದವಳಾದ್ದರಿಂದ ಆ ಸಾಲಿನಿಂದಲೇ ಶುರು ಮಾಡುತ್ತೇನೆ.

ಕೆಲಸಕ್ಕೆ ಸೇರಿದ ದಿನದಿಂದ ನಿಮಗೆ ಕಚೇರಿಯಿದೆ, ಇಂಗ್ಲಿಷ್ ಬಲ್ಲ ಸಹೋದ್ಯೋಗಿಗಳಿದ್ದಾರೆ, ಮಧ್ಯಾಹ್ನಕ್ಕೆ ಕ್ಯಾಂಟೀನ್ ಇದೆ. ಆಕೆಯ ಪಾಲಿಗೆ ಬರುವುದು ಜರ್ಮನ್ ಭಾಷೆಯ ಕಾಗದಗಳು, ಶಾಲೆಯ ಚೀಟಿಗಳು, ಮಗನಿಗೆ ಜ್ವರ ಬಂದಾಗ ಡಾಕ್ಟರ ಸ್ವಾಗತಕಾರಿಣಿಯೊಡನೆ ಫೋನಿನಲ್ಲಿ ತಡಕಾಡುವ ಕೆಲಸ, ನವೆಂಬರಿನಲ್ಲಿ ಐದು ಗಂಟೆಗೆ ಮೊದಲೇ ಕತ್ತಲಾಗುವ ಸಂಜೆ. ಇಲ್ಲಿಂದ ಗಂಟುಮೂಟೆ ಕಟ್ಟಿಕೊಂಡು ಹಿಂದಿರುಗಿದ ಸಂಸಾರಗಳನ್ನು ಕಂಡಿದ್ದೇನೆ. ಗಂಡನ ನೌಕರಿ ಕೈಕೊಟ್ಟು ಹೋದವರು ಅವರಲ್ಲಿ ಕಡಿಮೆ. ಹಗಲೆಲ್ಲ ನಾಲ್ಕು ಗೋಡೆಯ ನಡುವೆ ಇದ್ದವಳಿಗೆ ಸಾಕುಸಾಕಾಗಿ ಹೋದವರೇ ಹೆಚ್ಚು.

ಕಾನೂನೇನೋ ಆಕೆಯ ಪರವಾಗಿದೆ. ನಿಮಗೆ ಸಿಗುವುದು ಬ್ಲೂ ಕಾರ್ಡ್, ಅಂದರೆ ಹೊರದೇಶದ ನುರಿತ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ. ಹಾಗಾಗಿ ಆಕೆ ವೀಸಾಕ್ಕಾಗಿ ಜರ್ಮನ್ ಪರೀಕ್ಷೆ ಬರೆಯಬೇಕಾಗಿಲ್ಲ, ಬಂದ ಮೇಲೆ ಉದ್ಯೋಗಕ್ಕೆ ಬೇರೆ ಅನುಮತಿಯೂ ಬೇಕಾಗಿಲ್ಲ. ಪರೀಕ್ಷೆ ಇಲ್ಲವಲ್ಲ ಎಂದೇ ನಮ್ಮವರು ಭಾಷೆಯನ್ನು ಮುಂದೂಡುತ್ತಾ ಹೋಗುತ್ತಾರೆ. ನಿಮ್ಮ ಮನೆಯವರಿಗೆ ಅದು ದುಬಾರಿಯಾಗುತ್ತದೆ. ಇಲ್ಲಿನ ಸರಕಾರಿ ಶಾಲೆಯಲ್ಲಿ ಕಲಿಸಬೇಕೆಂದರೆ ಪದವಿಗೆ ಮಾನ್ಯತೆ ಪಡೆಯಬೇಕು, ಸಾಮಾನ್ಯವಾಗಿ ಎರಡು ವಿಷಯಗಳನ್ನು ಕಲಿಸಲು ಓದಿರಬೇಕು, ಜರ್ಮನ್ ತೀರಾ ಮೇಲಿನ ಮಟ್ಟದಲ್ಲಿ ಬರಬೇಕು. ಬಿ.ಎಸ್‌ಸಿ., ಬಿ.ಇಡಿ. ಎಂದು ಹೇಳಿದ ಮಾತ್ರಕ್ಕೆ ಯಾರೂ ಕರೆಯುವುದಿಲ್ಲ. ಇದು ವರ್ಷಗಟ್ಟಲೆ ಹಿಡಿಯುವ ದಾರಿ. ಆ ದಾರಿ ಬೇಕೇ, ಬೇರೆ ಕೆಲಸ ಸಾಕೇ ಎಂದು ತೀರ್ಮಾನಿಸುವವರು ಅವರು. ಮುಂದಿನ ಪ್ರಶ್ನೆಗಳನ್ನು ಅವರೇ ಬರೆದು ಕೇಳಿದರೆ ನನಗೆ ಸಂತೋಷ.

ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಈಗಲೇ ಅವರನ್ನು ಮೊದಲ ಹಂತಕ್ಕೆ ಸೇರಿಸಿ, ನೀವೂ ಸೇರಿ. ಇಲ್ಲಿಗೆ ಬಂದ ಮೇಲೆ ಸರಕಾರದ ಇಂಟಿಗ್ರೇಷನ್ ಕೋರ್ಸ್ ಇದೆ. ಸಾಮಾನ್ಯವಾಗಿ ಭಾಷೆಗೆ 600 ಪಾಠಗಳು, ದೇಶದ ಕಾನೂನು, ಚರಿತ್ರೆ, ನಡಾವಳಿಗೆ 100. ಊರೂರಲ್ಲೂ ಇರುವ ಫೋಕ್ಸ್‌ಹೋಖ್‌ಶೂಲೆ ಎಂಬ ವಯಸ್ಕರ ಶಿಕ್ಷಣ ಸಂಸ್ಥೆಗಳಲ್ಲೂ ಜರ್ಮನ್ ತರಗತಿಗಳು ನಡೆಯುತ್ತವೆ. ಆಕೆ ತರಗತಿಗೆ ಹೋದಾಗ ಮಗನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮಾತ್ರ ವಿಮಾನ ಹತ್ತುವ ಮೊದಲೇ ಗಂಡ ಹೆಂಡತಿ ಕುಳಿತು ಮಾತಾಡಿ. ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಶಿಶುವಿಹಾರದ ಹಕ್ಕು ಕಾನೂನಿನಲ್ಲಿದೆ, ಆದರೆ ಜಾಗಕ್ಕಾಗಿ ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಮನೆಯ ವಿಳಾಸ ಸಿಕ್ಕ ದಿನವೇ ಅರ್ಜಿ ಹಾಕಿ. ಜಾಗ ಸಿಗುವ ತನಕ ವಾರದಲ್ಲಿ ಎರಡು ಸಂಜೆ ನೀವು ಬೇಗ ಮನೆಗೆ ಬನ್ನಿ. ಇಲ್ಲಿನ ಕಚೇರಿಗಳಲ್ಲಿ ಮಗುವಿಗಾಗಿ ಬೇಗ ಹೊರಡುವ ಗಂಡಸನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ವಿಚಿತ್ರವೆನಿಸುವುದು ನಮ್ಮವರಿಗೇ!

ಮೂವತ್ತೈದು ದಾಟಿದ ಮೇಲೆ ಹೊಸ ಭಾಷೆ ನಾಲಿಗೆಗೆ ಹತ್ತುವುದಿಲ್ಲ ಎನ್ನುವವರಿಗೆ ನನ್ನ ಗಂಡ ಕಿಟೆಲ್ ಹೆಸರು ಹೇಳುತ್ತಾರೆ. 1853ರಲ್ಲಿ ಇಪ್ಪತ್ತೊಂದರ ಪ್ರಾಯದಲ್ಲಿ ನಮ್ಮ ಕಡೆಗೆ ಬಂದ ಜರ್ಮನ್ ಪಾದ್ರಿ, 1894ರಲ್ಲಿ ಕನ್ನಡಕ್ಕೆ ಆ ದೊಡ್ಡ ನಿಘಂಟು ಕೊಟ್ಟರು. ಕೊನೆಯುಸಿರೆಳೆದದ್ದು ಇಲ್ಲಿಂದ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ದೂರದ ಟ್ಯೂಬಿಂಗನ್‌ನಲ್ಲಿ. 'ಮಂಗಳೂರು ಸಮಾಚಾರ' ಪತ್ರಿಕೆ ಹೊರಡಿಸಿದ ಇನ್ನೊಬ್ಬ ಜರ್ಮನ್ ಪಾದ್ರಿ ಮೋಗ್ಲಿಂಗ್ ತೀರಿಕೊಂಡದ್ದು ಪಕ್ಕದ ಎಸ್ಲಿಂಗನ್‌ನಲ್ಲಿ. ಇಪ್ಪತ್ತೊಂದಕ್ಕೂ ಮೂವತ್ತೈದಕ್ಕೂ ವ್ಯತ್ಯಾಸವಿಲ್ಲವೇ ಎಂದು ನಾನು ವಾದಿಸುವುದುಂಟು. ಆದರೆ ಅವರಿಬ್ಬರಿಗೂ ಮೊಬೈಲಿನ ಅನುವಾದಕ ಇರಲಿಲ್ಲ ಎಂಬುದನ್ನು ಒಪ್ಪಲೇಬೇಕು.

ತರಗತಿಯಷ್ಟೇ ಚೆನ್ನಾಗಿ ಭಾಷೆ ಕಲಿಸುವುದು ಮನೆಯ ಮೆಟ್ಟಿಲು. ಇಲ್ಲಿನ ಎಷ್ಟೋ ವಠಾರಗಳಲ್ಲಿ ಕೇರ್‌ವೋಖೆ ಎಂಬ ಪದ್ಧತಿಯಿದೆ. ಸರದಿಯ ಪ್ರಕಾರ ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ದೊಡ್ಡ ಸರದಿ ಬಂದರೆ ನೆಲಮಾಳಿಗೆ, ಅಂಗಳ, ಮುಂದಿನ ಕಾಲುದಾರಿ ಎಲ್ಲವೂ ನಿಮ್ಮದು. 1492ರಲ್ಲಿ ಇಲ್ಲಿನ ಕೌಂಟ್ ಎಬರ್‌ಹಾರ್ಡ್ ಕಸವನ್ನು ವಾರವಾರ ಸಾಗಿಸಬೇಕೆಂದು ಊರಿನ ಕಟ್ಟಳೆಯಲ್ಲಿ ಬರೆಸಿದ. ಅಲ್ಲಿಂದ ಬಂದದ್ದು ಈಗ ಬಾಡಿಗೆ ಕರಾರಿನಲ್ಲಿ ಕುಳಿತಿದೆ. ನಿಮ್ಮ ವಾರ ಬಂದಾಗ ಬಾಗಿಲಿನ ಹಿಡಿಗೆ ಒಂದು ಪುಟ್ಟ ಫಲಕ ತೂಗುತ್ತಿರುತ್ತದೆ. ಕಾಲೊರಸನ್ನು ಎತ್ತಿ ಗೋಡೆಗೆ ಒರಗಿಸಿ ಅದರಡಿಯನ್ನೂ ಒರೆಸಬೇಕು, ಕಟಕಟೆಯ ಸರಳುಗಳ ಧೂಳು ತೆಗೆಯಬೇಕು. ನಮ್ಮ ಎದುರು ಮನೆಯ ಹಿರಿಯಾಕೆ ಮೇಲಿನ ಮೆಟ್ಟಿಲಿನಲ್ಲಿ ನಿಂತು ನನ್ನ ಬಕೆಟ್ ನೀರನ್ನೇ ದಿಟ್ಟಿಸುತ್ತಿದ್ದರು. ನೀರು ಕಪ್ಪಾಯಿತು, ಬದಲಾಯಿಸು ಎನ್ನುವುದನ್ನು ನಾನು ಜರ್ಮನ್‌ನಲ್ಲಿ ಮೊದಲು ಕೇಳಿ ಅರ್ಥ ಮಾಡಿಕೊಂಡದ್ದು ಅವರ ಬಾಯಿಂದ. ಆಮೇಲೆ ನಮ್ಮ ಒಗ್ಗರಣೆಯ ವಾಸನೆ ಏನೆಂದು ಕೇಳಿದರು. ಇಂಗು ತೋರಿಸಿದೆ. ಮೂಸಿ ಮುಖ ಕಿವುಚಿದರು, ಆದರೂ ಸಾರಿನ ರುಚಿ ನೋಡಿದರು. ನಾನು ಪರೀಕ್ಷೆಗೆ ಹೋದ ದಿನ ನನ್ನ ಮಗಳನ್ನು ಶಾಲೆಯಿಂದ ಕರೆತಂದವರೂ ಅವರೇ. ದುಡ್ಡು ಕೊಟ್ಟು ಬೇರೆಯವರಿಂದ ಮೆಟ್ಟಿಲು ಗುಡಿಸಿಸುವ ನಮ್ಮವರಿದ್ದಾರೆ. ಮೊದಲ ವರ್ಷ ಹಾಗೆ ಮಾಡಬೇಡಿ. ಶನಿವಾರ ಬೆಳಿಗ್ಗೆ, ಜನ ಓಡಾಡುವ ಹೊತ್ತಿಗೇ ಪೊರಕೆ ಹಿಡಿಯಿರಿ. ಭಾನುವಾರ ಮಾತ್ರ ಬೇಡ. ಆ ದಿನ ಅಂಗಡಿಗಳೂ ಮುಚ್ಚಿರುತ್ತವೆ, ಸದ್ದಿಗೂ ರಜೆ. ಬೆಳ್ಳಂಬೆಳಿಗ್ಗೆ ಮಿಕ್ಸಿ ಹಾಕಿದರೆ ಗೋಡೆಯ ಆಚೆಯಿಂದ ಉತ್ತರ ಬರುತ್ತದೆ. ಇಡ್ಲಿ ಹಿಟ್ಟನ್ನು ಶನಿವಾರವೇ ರುಬ್ಬಿ, ಒಲೆಯ ಓವನ್‌ನಲ್ಲಿ ದೀಪ ಮಾತ್ರ ಹಚ್ಚಿಟ್ಟರೆ ಚಳಿಗಾಲದಲ್ಲೂ ಉಬ್ಬುತ್ತದೆ.

ಕನ್ನಡಿಗರೂ ಇದ್ದಾರೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಸೇರುತ್ತೇವೆ, ಬಿಸಿಬೇಳೆ ಭಾತ್ ಹಂಚುತ್ತೇವೆ, ಯಾರಿಗಾದರೂ ಕಷ್ಟವೆಂದರೆ ಓಡುತ್ತೇವೆ. ಬನ್ನಿ. ಆದರೆ ಪ್ರತಿ ಶನಿವಾರ ಭಾನುವಾರ ನಮ್ಮ ನಮ್ಮ ಮನೆಗಳಲ್ಲೇ ಕಳೆದುಹೋದರೆ ಹೆಂಗಸರ ಜರ್ಮನ್ ಮೊದಲ ಹಂತ ದಾಟುವುದಿಲ್ಲ. ಇದನ್ನು ಹೇಳಿ ನಾನು ಕೆಲವರ ಕೋಪಕ್ಕೂ ಪಾತ್ರಳಾಗಿದ್ದೇನೆ.

ಮಗಳ ಶಾಲೆ. ಜರ್ಮನ್ ಬಾರದ ಮಕ್ಕಳಿಗೆ ಇಲ್ಲಿ ಪೂರ್ವಸಿದ್ಧತೆಯ ತರಗತಿ ಇರುತ್ತದೆ. ಪ್ರಾಥಮಿಕ ಶಾಲೆ ನಾಲ್ಕನೇ ತರಗತಿಗೆ ಮುಗಿಯುತ್ತದೆ, ಹತ್ತನೇ ವಯಸ್ಸಿಗೇ ವಿಶ್ವವಿದ್ಯಾಲಯದ ಓದಿಗೆ ಸಿದ್ಧಪಡಿಸುವ ಗಿಮ್ನಾಸಿಯಮ್ಮೋ ಬೇರೆ ಬಗೆಯ ಶಾಲೆಯೋ ಎಂಬ ಕವಲು. ನಿಮ್ಮ ಮಗಳಿಗೆ ಉಳಿಯುವುದು ಹೆಚ್ಚೆಂದರೆ ಎರಡು ವರ್ಷ. ಹೆದರಬೇಡಿ, ಮುಂದೆ ದಾರಿ ಬದಲಿಸಲು ಅವಕಾಶಗಳಿವೆ. ಆದರೆ ನಮ್ಮಲ್ಲಿ ಹತ್ತನೇ ತರಗತಿಗೆ ಶುರುವಾಗುವ ಆತಂಕ ಇಲ್ಲಿ ನಾಲ್ಕಕ್ಕೇ ಶುರುವಾಗುತ್ತದೆ. ಇನ್ನೊಂದು: ಅಗ್ಗದ ಟಿಕೆಟ್ ಸಿಕ್ಕಿತೆಂದು ರಜೆಗೆ ವಾರ ಮೊದಲೇ ಮಗುವನ್ನು ಊರಿಗೆ ಕರೆದೊಯ್ಯುವಂತಿಲ್ಲ, ದಂಡ ಬೀಳುತ್ತದೆ. ಬೇಸಿಗೆ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್ ತನಕ. ಊರಿಗೆ ಹೋದರೆ ಮಳೆ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಿಗೆಲ್ಲ ಶಾಲೆ, ಮಾವಿನ ಹಣ್ಣಿನ ಕಾಲವೂ ಮುಗಿದಿರುತ್ತದೆ.

ಕನ್ನಡದ ಮಟ್ಟಿಗೆ ನಿಮ್ಮ ಚಿಂತೆ ಮಗಳ ಮೇಲಿದೆ, ನನ್ನದು ಮಗನ ಮೇಲೆ. ಎಂಟು ವರ್ಷದವಳು ಮಾತು ಮರೆಯುವುದಿಲ್ಲ, ಓದುವುದನ್ನು ಮರೆಯುತ್ತಾಳೆ. ದಿನಕ್ಕೊಂದು ಪುಟ ಓದಿಸಿ. ಮೂರು ವರ್ಷದವನು ಶಿಶುವಿಹಾರಕ್ಕೆ ಸೇರಿದ ಮೇಲೆ ನಿಮ್ಮ ಕನ್ನಡಕ್ಕೆ ಜರ್ಮನ್‌ನಲ್ಲಿ ಉತ್ತರಿಸಲು ಶುರು ಮಾಡುತ್ತಾನೆ. ಅದನ್ನು ಮುದ್ದೆಂದು ವಿಡಿಯೊ ಮಾಡಿ ಊರಿಗೆ ಕಳುಹಿಸದೆ, ನೀವು ಕನ್ನಡದಲ್ಲೇ ಮುಂದುವರಿಸಿ. ಅಜ್ಜಿಯ ಫೋನಿಗೆ ದಿನವೂ ಅವನೇ ಉತ್ತರಿಸಲಿ.

ಸಂಬಳ ಸಾಲುತ್ತದೆ, ಶ್ರೀಮಂತರಾಗುವುದಿಲ್ಲ. ಒಬ್ಬರ ದುಡಿಮೆಯಲ್ಲಿ ತೆರಿಗೆ, ವಿಮೆ ಕಳೆದು ಸುಮಾರು ಮೂರನೆಯ ಎರಡು ಭಾಗ ಕೈಗೆ ಬರುತ್ತದೆ. ಸರಕಾರಿ ಆರೋಗ್ಯ ವಿಮೆಯಲ್ಲಿ ಆದಾಯವಿಲ್ಲದ ಹೆಂಡತಿ, ಮಕ್ಕಳು ಈಗಿನ ಮಟ್ಟಿಗೆ ಬೇರೆ ಹಣವಿಲ್ಲದೆ ಸೇರುತ್ತಾರೆ. ಮಗುವೊಂದಕ್ಕೆ ತಿಂಗಳಿಗೆ ಸರಕಾರದ ಭತ್ಯೆ 2025ರಲ್ಲಿ 255 ಯೂರೊ ಇತ್ತು, 2026ರಿಂದ 259. ಮನೆ ಹುಡುಕುವುದೇ ದೊಡ್ಡ ತಾಪತ್ರಯ. ಮುಂಗಡ ಮೂರು ತಿಂಗಳ ಮೂಲ ಬಾಡಿಗೆಯಷ್ಟು ಇರಬಹುದು, ಅನೇಕ ಮನೆಗಳಲ್ಲಿ ಅಡುಗೆಮನೆಯೆಂದರೆ ಬರೀ ಗೋಡೆ ಮತ್ತು ನಲ್ಲಿ. ಮೊದಲ ತಿಂಗಳುಗಳಿಗೆ ಕಂಪನಿಯಿಂದಲೇ ಸಜ್ಜಾದ ಮನೆ ಕೇಳಿ ಪಡೆಯಿರಿ.

ಅಪ್ಪ ಅಮ್ಮನ ವಿಷಯದಲ್ಲಿ ನಿಮ್ಮ ಅದೃಷ್ಟ ನಮಗಿಂತ ಮೇಲು. 2024ರ ಮಾರ್ಚ್ 1ರಂದು ಅಥವಾ ಅದರ ನಂತರ ಮೊದಲ ಸಲ ವಾಸದ ಪರವಾನಗಿ ಪಡೆದ ನುರಿತ ಕೆಲಸಗಾರರು ತಂದೆ ತಾಯಿಯನ್ನು ಇಲ್ಲೇ ಇರಿಸಿಕೊಳ್ಳಲು ಅರ್ಜಿ ಹಾಕಬಹುದು. ಹೆಂಡತಿ ಜೊತೆಗಿದ್ದರೆ ಅತ್ತೆ ಮಾವನನ್ನೂ. ಅದಕ್ಕೂ ಮೊದಲೇ ಬಂದ ನಮಗೆ ಆ ಬಾಗಿಲಿಲ್ಲ, ನಮ್ಮವರು ಬಂದರೆ 180 ದಿನದಲ್ಲಿ 90 ದಿನ ಅಷ್ಟೇ. ಆದರೆ ಹಿರಿಯರಿಗೆ ಪೂರ್ಣ ಆರೋಗ್ಯ ವಿಮೆ ತೋರಿಸಬೇಕು, ಆ ವಯಸ್ಸಿಗೆ ಅದರ ಕಂತು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಮೊದಲು ವಿಮೆ ವಿಚಾರಿಸಿ, ಆಮೇಲೆ ಅವರಿಗೆ ಮಾತು ಕೊಡಿ.

ಹೊರಡುವ ಮುನ್ನ ಮಕ್ಕಳ ಲಸಿಕೆ ಪುಸ್ತಕ ಎತ್ತಿಟ್ಟುಕೊಳ್ಳಿ, ದಡಾರದ ಲಸಿಕೆಯ ದಾಖಲೆಯಿಲ್ಲದೆ ಶಿಶುವಿಹಾರಕ್ಕೆ ಸೇರಿಸಿಕೊಳ್ಳುವುದಿಲ್ಲ. ಕುಕ್ಕರಿನ ಅಡಿ ಸಮತಟ್ಟಾಗಿರಲಿ, ಇಲ್ಲಿ ಹೆಚ್ಚಾಗಿ ವಿದ್ಯುತ್ ಒಲೆ. ಎರಡು ಮೂರು ಗ್ಯಾಸ್ಕೆಟ್ ಜೊತೆಗಿರಲಿ. ಅಕ್ಕಿ, ಬೇಳೆ, ಕರಿಬೇವು ಇಲ್ಲೇ ಸಿಗುತ್ತವೆ, ಅದರ ತೂಕ ಹೊರಬೇಡಿ. ಆ ಜಾಗದಲ್ಲಿ ನಿಮ್ಮ ಮನೆಯವರ ಪದವಿ ಪತ್ರಗಳು, ಎಲ್ಲ ವರ್ಷದ ಅಂಕಪಟ್ಟಿಗಳು, ಅನುಭವ ಪತ್ರ, ಜೊತೆಗೆ ಯಾವ ವಿಷಯವನ್ನು ಎಷ್ಟು ಓದಿದ್ದಾರೆಂದು ತೋರಿಸುವ ಪಠ್ಯಕ್ರಮ, ವಿಶ್ವವಿದ್ಯಾಲಯದ ಮೊಹರಿನ ಸಮೇತ ಇರಲಿ. ಇಲ್ಲಿ ಕುಳಿತು ಅದನ್ನು ತರಿಸಿಕೊಳ್ಳಲು ಊರಿನಲ್ಲಿ ಯಾರಾದರೂ ನಾಲ್ಕಾರು ಸಲ ಕಚೇರಿ ಅಲೆಯಬೇಕಾಗುತ್ತದೆ.