ಓದುಗರ ಪ್ರಶ್ನೆ: ಲಿನಕ್ಸ್ ಹಾಕಿದರೆ ನನ್ನ ನುಡಿ ಫೈಲುಗಳ ಗತಿ ಏನು?

ಪ್ರಶ್ನೆ: ಸರ್, ನಮಸ್ಕಾರ. ಗದಗದಲ್ಲಿ ನನ್ನದೊಂದು ಸಣ್ಣ ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇದೆ. ಬಾಡಿಗೆ ಕರಾರು, ವಾರಸಾ ಅರ್ಜಿ, ತಕರಾರು ಅರ್ಜಿ ಇಂಥವೇ ಕೆಲಸ. ಕಂಪ್ಯೂಟರ್ 2015ರದು. ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್. ವಿಂಡೋಸ್ 10 ಮುಗೀತು, ಹೊಸದು ತಗೊಳ್ಳಿ ಅಂತಾರೆ ರಿಪೇರಿಯವರು. ಮಗ ವಿಂಡೋಸ್ ತೆಗೆದು ಅದರ ಬದಲಿಗೆ ಲಿನಕ್ಸ್ ಹಾಕೋಣ ಅಂತಾನೆ. ನನಗೆ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಬಿಟ್ಟರೆ ಬೇರೆ ಗೊತ್ತಿಲ್ಲ. ಹತ್ತು ವರ್ಷದ ಫೈಲುಗಳೆಲ್ಲ ಅದರಲ್ಲೇ ಇವೆ. ಏನು ಮಾಡಲಿ?
– ಒಬ್ಬ ಓದುಗಿ, ಗದಗ

ಉತ್ತರ: ಅಕ್ಕಾವ್ರೆ, ನಿಮ್ಮ ಮಗನ ಮಾತು ಸರಿ ಇದೆ. ಆದರೆ ಇವತ್ತೇ ಹಾಕಲು ಬಿಡಬೇಡಿ.

ನಿಮ್ಮ ಯಂತ್ರಕ್ಕೆ ಏನೂ ಆಗಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ಕೊಡುವುದನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು, ಅಷ್ಟೇ. ವಿಂಡೋಸ್ 11 ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ ಎಂಟನೇ ತಲೆಮಾರಿನಿಂದ ಮೇಲಿನದನ್ನೇ ಕೇಳುತ್ತದೆ, ಜೊತೆಗೆ ಟಿಪಿಎಂ 2.0 ಅನ್ನುವ ಚಿಪ್ ಬೇಕು. ನಿಮ್ಮದು ಆ ಬಾಗಿಲಲ್ಲಿ ತೂರುವುದಿಲ್ಲ. ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್‌ಗೆ ಈ ಕಿರಿಕಿರಿ ಇಲ್ಲ. 4 ಜಿಬಿಗೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ, ದುಡ್ಡು ಕೊಡಬೇಕಿಲ್ಲ.

ಇನ್ನು ಟೈಪಿಂಗ್. ನಿಮ್ಮ ಬೆರಳುಗಳು ಹೊಸದಾಗಿ ಕಲಿಯುವುದು ಅಷ್ಟೇನಿಲ್ಲ. ಮಿಂಟ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ 'ಕಗಪ' ಅಂತ ಇರುತ್ತದೆ. ನುಡಿಯಲ್ಲಿರುವುದೂ ಇದೇ ಮನೆತನದ ಕೀಲಿಮಣೆ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಿಂದ ಬಂದದ್ದು. ಜಿ, ಡಿ, ಜಿ ಒತ್ತಿ, 'ಗದಗ' ಮೂಡುತ್ತದೆ. ಕ್ಯೂ ಒತ್ತಿದರೆ ಟ. ಒತ್ತಕ್ಷರಕ್ಕೆ ಮಧ್ಯೆ ಎಫ್. ಸ್ವರಗಳಲ್ಲಿ ಅಲ್ಲಿ ಇಲ್ಲಿ ಕೈ ತಡವರಿಸಬಹುದು, ಒಂದು ವಾರ ಕೊಡಿ.

ನಿಜವಾದ ತಲೆನೋವು ಹಳೇ ಫೈಲುಗಳದ್ದು. ಅವು ಯೂನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರುಗಳೂ ಒಪ್ಪುವ ಅಕ್ಷರ ಸಂಕೇತ) ಇಲ್ಲದಿದ್ದರೆ, ಒಳಗೆ ಇರುವುದು ಕನ್ನಡವೇ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮೇಲೆ ನುಡಿ ಫಾಂಟ್ ಕನ್ನಡದ ಅಂಗಿ ತೊಡಿಸಿರುತ್ತದೆ. ಅಂಗಿ ತೆಗೆದರೆ 'ಕನ್ನಡ' ಅನ್ನುವ ಪದದೊಳಗೇ ಒಂದು ಪೌಂಡ್ ಗುರುತು, ತಲೆ ಮೇಲೆ ಗೀಟು ಎಳೆದ ಮೂರು 'ಎ' ಕಾಣುತ್ತವೆ. ಮೊದಲ ಸಲ ನೋಡಿದವರು ವೈರಸ್ ಅಂತಲೇ ಗಾಬರಿಯಾಗುತ್ತಾರೆ. ನುಡಿ ಫಾಂಟುಗಳನ್ನು ಲಿನಕ್ಸ್‌ಗೆ ನಕಲು ಮಾಡಿಕೊಂಡರೆ ಫೈಲು ಓದಲು, ಪ್ರಿಂಟ್ ತೆಗೆಯಲು ಬರುತ್ತದೆ. ತಿದ್ದಲು ಹೋದರೆ ಮಾತ್ರ ಒದ್ದಾಟ.

ಹಾಗಾಗಿ ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಹತ್ತು ವರ್ಷದ್ದೆಲ್ಲ ಬೇಡ. ಬಾಡಿಗೆ ಕರಾರಿನ ಒಂದು ಮಾದರಿ, ವಾರಸಾ ಅರ್ಜಿಯ ಒಂದು ಮಾದರಿ, ಹೀಗೆ ದಿನಾ ತೆಗೆಯುವ ಹತ್ತಿಪ್ಪತ್ತು ಸಾಕು. ಒಂದು ಎಚ್ಚರಿಕೆ: ಅರ್ಜಿಯ ಮಧ್ಯೆ ಇಂಗ್ಲಿಷಿನಲ್ಲಿ ಹೊಡೆದ ಹೆಸರು, ಪ್ಯಾನ್ ನಂಬರ್ ಇದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದೇ ತಿಳಿದು ಕಲಸಿಬಿಡುತ್ತದೆ. ಒಂದೊಂದನ್ನೂ ಕಣ್ಣಾಡಿಸಿ ನೋಡಿ.

ಆಮೇಲೆ ಮಗನಿಗೆ 8 ಜಿಬಿ ಪೆನ್ ಡ್ರೈವ್ ಒಂದಕ್ಕೆ ಮಿಂಟ್ ತುಂಬಿಸಲು ಹೇಳಿ. ಕಂಪ್ಯೂಟರನ್ನು ಅದರಿಂದಲೇ ಶುರು ಮಾಡಬಹುದು, ಒಳಗಿನ ಡಿಸ್ಕಿಗೆ ಏನೂ ಆಗುವುದಿಲ್ಲ. ಸ್ವಲ್ಪ ನಿಧಾನ, ಬಂದ್ ಮಾಡಿದರೆ ಮಾಡಿದ್ದೆಲ್ಲ ಮರೆತುಹೋಗುತ್ತದೆ. ಇರಲಿ, ಪರೀಕ್ಷೆಗೆ ಸಾಕು. ಅಂಗಡಿಯಲ್ಲಿ ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ಕೂತು ಮೊದಲು ಪ್ರಿಂಟರ್ ನೋಡಿ. ಪ್ರಿಂಟರ್ ಓಡದಿದ್ದರೆ ನಿಮ್ಮ ಅಂಗಡಿ ಓಡಲ್ಲ, ಅಲ್ವಾ? ಕೆಲವು ಹಳೇ ಲೇಸರ್ ಪ್ರಿಂಟರುಗಳಿಗೆ ಲಿನಕ್ಸ್ ಡ್ರೈವರ್ ಸುಲಭಕ್ಕೆ ಕೂಡಿ ಬರುವುದಿಲ್ಲ. ಬೆರಳ ಗುರುತು ತೆಗೆದುಕೊಳ್ಳುವ ಯಂತ್ರ ಇಟ್ಟುಕೊಂಡಿದ್ದರೆ ಅದನ್ನೂ ನೋಡಿ. ಸೇವಾ ಸಿಂಧು ಬ್ರೌಸರಿನಲ್ಲೇ ತೆರೆಯುತ್ತದೆ, ಅದರ ಚಿಂತೆ ಬೇಡ.

ಎಲ್ಲ ಸರಿ ಬಂತು ಅಂದರೆ ಒಂದು ಸಣ್ಣ ಎಸ್‌ಎಸ್‌ಡಿ (ವೇಗದ ಹೊಸ ಬಗೆಯ ಡಿಸ್ಕ್) ತಂದು ಮಿಂಟನ್ನು ಅದಕ್ಕೆ ಹಾಕಿಸಿ. ಹಾಕುವಾಗ ಹಳೇ ಡಿಸ್ಕಿನ ವೈರು ಕಿತ್ತಿಡಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಧಾರವಾಡದ ಸಾಧನಕೇರಿಯಲ್ಲಿ ನಮ್ಮ ಮಾವನವರ ಕಂಪ್ಯೂಟರಿಗೆ ಲಿನಕ್ಸ್ ಹಾಕಲು ಕೂತವನು ನಾನೇ. ಆಷಾಢದ ಜಿಟಿಜಿಟಿ ಮಳೆ, ಕರೆಂಟು ಎರಡು ಸಲ ಹೋಗಿ ಬಂತು. ಮೂರನೇ ಸಲ ಅವಸರದಲ್ಲಿ 'ವಿಂಡೋಸ್ ಪಕ್ಕದಲ್ಲಿ ಹಾಕು' ಅನ್ನುವುದನ್ನು ಬಿಟ್ಟು 'ಡಿಸ್ಕ್ ಅಳಿಸಿ ಹಾಕು' ಅನ್ನುವುದನ್ನು ಒತ್ತಿದೆ. ಮಾವ ಎರಡು ವರ್ಷ ಕೂತು ಟೈಪ್ ಮಾಡಿದ್ದ ವಂಶಾವಳಿ ಅದರಲ್ಲೇ ಇತ್ತು. ಅವರು ಏನೂ ಅನ್ನಲಿಲ್ಲ. 'ಚಹಾ ಕುಡೀರಿ' ಅಂದು ಎದ್ದು ಹೋದರು. ಈಗಲೂ ಅವರ ಮನೆಗೆ ಹೋದರೆ ಆ ಕೋಣೆ ಕಡೆ ನೋಡುವುದಿಲ್ಲ ನಾನು.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಟ್ಯಾಲಿ ಲಿನಕ್ಸ್‌ನಲ್ಲಿ ನಡೆಯುತ್ತದಾ?
– ಒಬ್ಬ ಓದುಗ, ಬ್ಯಾಡಗಿ

ಉತ್ತರ: ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶ. ವೈನ್ ಅನ್ನುವ ಸಲಕರಣೆ ಬಳಸಿ ಲಿನಕ್ಸ್‌ನಲ್ಲಿ ಓಡಿಸಲು ನೋಡುವವರಿದ್ದಾರೆ, ಆದರೆ ಅದನ್ನು ನೆಚ್ಚಿಕೊಳ್ಳಬೇಡಿ. ಜನವರಿಯಿಂದ ಮಾರ್ಚ್‌ವರೆಗೆ ಮಾರುಕಟ್ಟೆಯಲ್ಲಿ ಚೀಲ ಇಡಲು ಜಾಗ ಇರುವುದಿಲ್ಲ. ಆಗ ನಿಮ್ಮ ಸಾಹುಕಾರರ ಪಟ್ಟಿ ಅರ್ಧಕ್ಕೆ ನಿಂತರೆ ಬೈಸಿಕೊಳ್ಳುವವರು ನೀವು, ನಾನಲ್ಲ. ಲೆಕ್ಕದ ಕಂಪ್ಯೂಟರಿನಲ್ಲಿ ವಿಂಡೋಸೇ ಇರಲಿ. ಮನೆಯದಕ್ಕೆ ಲಿನಕ್ಸ್ ಹಾಕಿ.